‘ನಾನು’ ಎಂಬ ಪದಕ್ಕೆ ಯಾವ ಲಿಂಗ?

ಒಂಬತ್ತನೆಯ ತರಗತಿಗೆ ವ್ಯಾಕರಣ ಹೇಳುವಾಗ ಲಿಂಗಪ್ರಕರಣ ಬಂದರೆ ಮಕ್ಕಳಿಗೆ ಸ್ವಲ್ಪ ಉಲ್ಲಾಸ. ಸಂಧಿ ಸಮಾಸಗಳಷ್ಟು ತೊಡಕಿನದಲ್ಲ. ಗಂಡಸನ್ನು ಹೇಳುವುದು ಪುಲ್ಲಿಂಗ, ಹೆಂಗಸನ್ನು ಹೇಳುವುದು ಸ್ತ್ರೀಲಿಂಗ, ಉಳಿದದ್ದೆಲ್ಲ ನಪುಂಸಕಲಿಂಗ ಎಂದು ಒಂದೇ ಉಸಿರಿಗೆ ಒಪ್ಪಿಸಿಬಿಡುತ್ತಾರೆ. ಆಗ ನಾನು ಒಂದು ಪ್ರಶ್ನೆ ಹಾಕುವುದುಂಟು: “ಹಾಗಾದರೆ ‘ನಾನು’ ಎಂಬ ಪದ ಯಾವ ಲಿಂಗ?” ತರಗತಿ ಗಪ್ಪಾಗುತ್ತದೆ. ಹುಡುಗನೊಬ್ಬ ಪುಲ್ಲಿಂಗ ಎನ್ನುತ್ತಾನೆ, ಹುಡುಗಿಯೊಬ್ಬಳು ಸ್ತ್ರೀಲಿಂಗ ಎನ್ನುತ್ತಾಳೆ. ಇಬ್ಬರೂ ಹೇಳಿದ್ದು ಸರಿ. ಇಬ್ಬರೂ ಹೇಳಿದ್ದು ಅಪೂರ್ಣ.

ವ್ಯಾಕರಣದ ಉತ್ತರ ‘ವಾಚ್ಯಲಿಂಗ’ ಎಂದು. ಆ ಪದಕ್ಕೆ ತನ್ನದೇ ಆದ ಲಿಂಗವಿಲ್ಲ. ಅದನ್ನು ಯಾರು ಆಡುತ್ತಾರೋ ಅವರ ಲಿಂಗವೇ ಅದರ ಲಿಂಗ. ಕನ್ನಡದ ಕ್ರಿಯಾಪದವೂ ಇಲ್ಲಿ ಬಹು ಮರ್ಯಾದೆಯಿಂದ ನಡೆದುಕೊಳ್ಳುತ್ತದೆ. ಹಿಂದಿಯಲ್ಲಿ ‘ನಾನು ಬಂದೆ’ ಎನ್ನಬೇಕಾದರೆ ಗಂಡು ಒಂದು ರೂಪವನ್ನೂ ಹೆಣ್ಣು ಇನ್ನೊಂದು ರೂಪವನ್ನೂ ಬಳಸಬೇಕು. ನಮ್ಮಲ್ಲಿ ‘ನಾನು ಬಂದೆ’, ‘ನೀನು ಬಂದೆ’, ‘ಅವರು ಬಂದರು’ ಎಂಬ ಮೂರು ವಾಕ್ಯಗಳಲ್ಲಿ ಯಾವುದೂ ಬಂದವರು ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ. ಕೇಳುವುದು ‘ಅವನು’, ‘ಅವಳು’ ಎಂಬ ಮಾತು ಮಾತ್ರ. ಅಂದರೆ ದೂರದಲ್ಲಿ ನಿಂತು ಮತ್ತೊಬ್ಬರ ವಿಚಾರ ಆಡುವಾಗ ಮಾತ್ರ.

ಈಗ್ಗೆ ಇಪ್ಪತ್ತು ವರ್ಷಗಳಿಗೂ ಹಿಂದಿನ ಒಂದು ಪ್ರಸಂಗ. ನನ್ನ ಮನೆ ಬಂಗಾರಪೇಟೆಯಲ್ಲಿ. ಆಗ ಪಾಠ ಹೇಳುತ್ತಿದ್ದುದು ಕೋಲಾರ ಚಿನ್ನದ ಗಣಿಯ ಪ್ರದೇಶದ ಒಂದು ಪ್ರೌಢಶಾಲೆಯಲ್ಲಿ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ್ದವು. ಲೈನು ಮನೆಗಳಲ್ಲಿ ದುಡಿಯುವವರು ಕೈಕಟ್ಟಿ ಕುಳಿತಿದ್ದ ಕಾಲ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ ಕಲಿಯುತ್ತಿದ್ದ ಒಬ್ಬ ವಿದ್ಯಾರ್ಥಿ ಇದ್ದ. ಕಂಠ ಬಹಳ ಇಂಪು. ಅಂದು ನನ್ನ ಪ್ರಶ್ನೆಗೆ ಉತ್ತರ ಕೇಳಿಸಿಕೊಂಡ ಮೇಲೆ ಆ ಹುಡುಗ ಎದ್ದುನಿಂತು ಮೆಲ್ಲಗೆ ಕೇಳಿದ: “ಸಾರ್, ನೋಡೋರು ಒಂದು ಅಂತಾರೆ, ಆಡೋರು ಇನ್ನೊಂದು ಅಂತಾರೆ. ಆವಾಗ ಯಾರ ಮಾತು ಸರಿ?” ನಾನು ನಕ್ಕು, “ಕನ್ನಡಿ ನೋಡಿಕೊಳ್ಳಪ್ಪಾ, ಗೊತ್ತಾಗುತ್ತೆ” ಎಂದುಬಿಟ್ಟೆ. ತರಗತಿಯೆಲ್ಲ ಗೊಳ್ಳೆಂದಿತು. ಆ ಮಗು ಕುಳಿತುಕೊಂಡಿತು.

ಪಂಡಿತ ಪರೀಕ್ಷೆ ಮಾಡಿದವನಿಗೆ ಆ ಪ್ರಶ್ನೆ ವ್ಯಾಕರಣದ ಪ್ರಶ್ನೆಯೇ ಎಂದು ತಿಳಿಯಬೇಕಾಗಿತ್ತು. ತಿಳಿಯಲಿಲ್ಲ. ಅದಕ್ಕೆ ಕೊಡಬೇಕಾಗಿದ್ದ ಉತ್ತರವನ್ನು ಈಗ, ತಡವಾಗಿ, ಓದುಗರ ಮುಂದೆ ಬಿಡಿಸಿ ಹೇಳಲು ಯತ್ನಿಸುತ್ತೇನೆ.

ಮೊದಲು ಭಾಷೆಯನ್ನೇ ನೋಡೋಣ. ಸಂಸ್ಕೃತದಲ್ಲಿ ಲಿಂಗ ಶಬ್ದಕ್ಕೆ ಅಂಟಿಕೊಂಡಿರುತ್ತದೆ. ‘ಹೆಂಡತಿ’ ಎಂಬ ಒಂದೇ ಅರ್ಥಕ್ಕೆ ‘ಭಾರ್ಯಾ’ ಎಂದರೆ ಸ್ತ್ರೀಲಿಂಗ, ‘ದಾರಾಃ’ ಎಂದರೆ ಪುಲ್ಲಿಂಗ ಬಹುವಚನ, ‘ಕಲತ್ರ’ ಎಂದರೆ ನಪುಂಸಕ. ಮನೆಯ ಯಜಮಾನಿ ಮೂರು ಲಿಂಗಗಳಲ್ಲಿಯೂ ಸಂಚರಿಸಿ ಬರುತ್ತಾಳೆ! ಕನ್ನಡದ ದಾರಿ ಬೇರೆ. ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ಬರೆದ ಕೇಶಿರಾಜನು ಕಾಣಿಸಿಕೊಟ್ಟಂತೆ, ನಮ್ಮಲ್ಲಿ ಲಿಂಗವನ್ನು ನಿರ್ಣಯಿಸುವುದು ಶಬ್ದದ ಆಕಾರವಲ್ಲ, ಅದರ ಅರ್ಥ. ಮಗು, ಕೂಸು, ಶಿಶು ಎಂಬ ಮಾತುಗಳನ್ನು ನಾವು ನಪುಂಸಕವಾಗಿಯೇ ಆಡುತ್ತೇವೆ. ‘ಮಗು ಅಳುತ್ತದೆ’ ಎಂದರೆ ಯಾವ ತಾಯಿಗೂ ಅವಮಾನವಾಗುವುದಿಲ್ಲ. ‘ಸೂರ್ಯ ಮೂಡಿದನು’ ಎಂದರೂ ಸರಿ, ‘ಸೂರ್ಯ ಮೂಡಿತು’ ಎಂದರೂ ಸರಿ. ಹೊರಗಿನ ಆಕಾರವನ್ನು ನೋಡಿ ಅಲ್ಲ, ಒಳಗಿನ ಅರ್ಥವನ್ನು ತಿಳಿದು ಲಿಂಗವನ್ನು ಹೇಳಬೇಕೆಂಬುದು ಕನ್ನಡದ ಜಾಯಮಾನ. ಒಂದು ಶಬ್ದದ ಅರ್ಥವನ್ನು ನಿಘಂಟು ಹೇಳೀತು. ಒಬ್ಬ ಮನುಷ್ಯನ ಅರ್ಥವನ್ನು ಹೇಳಬಲ್ಲವರು ಯಾರು?

ಇಲ್ಲಿ ಮೂರು ಸಂಗತಿಗಳು ಒಂದರೊಡನೊಂದು ಕಲಸಿಹೋಗುತ್ತವೆ. ಅವನ್ನು ಬಿಡಿಸಿಕೊಳ್ಳುವುದು ಒಳ್ಳೆಯದು. ಮೊದಲನೆಯದು ದೇಹಲಕ್ಷಣ. ಹುಟ್ಟಿದೊಡನೆ ಸೂಲಗಿತ್ತಿಯೋ ಡಾಕ್ಟರೋ ನೋಡಿ ಹೇಳುವುದು ಇದನ್ನು. ಕೆಲವು ಮಕ್ಕಳಲ್ಲಿ ಈ ಲಕ್ಷಣವೇ ಎರಡರ ನಡುವೆ ಇರುವುದುಂಟು, ಅಂಥವರನ್ನು ಅಂತರಲಿಂಗಿಗಳೆನ್ನುತ್ತಾರೆ. ಎರಡನೆಯದು ಲಿಂಗತ್ವ, ಎಂದರೆ ‘ನಾನು ಹೆಣ್ಣು’, ‘ನಾನು ಗಂಡು’, ‘ನಾನು ಎರಡೂ ಅಲ್ಲ’ ಎಂದು ಒಬ್ಬರಿಗೆ ತಮ್ಮೊಳಗೇ ಇರುವ ತಿಳಿವು. ಮೂರನೆಯದು ಒಲವು, ಮನಸ್ಸು ಯಾರ ಕಡೆಗೆ ಹರಿಯುತ್ತದೆ ಎಂಬುದು. ಹೆಚ್ಚಿನವರಲ್ಲಿ ಮೊದಲನೆಯದೂ ಎರಡನೆಯದೂ ಹೊಂದಿಕೊಂಡಿರುವುದರಿಂದ ಅವು ಎರಡು ಎಂಬುದೇ ನಮಗೆ ಹೊಳೆಯುವುದಿಲ್ಲ. ಹೊಂದಿಕೊಳ್ಳದವರಿಗೆ ಮಾತ್ರ ಅದು ದಿನದಿನದ ಅನುಭವ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರು ನಮ್ಮ ಕಣ್ಣಿಗೆ ಬೀಳುತ್ತಾರೆ. ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳಬಯಸುವವರೂ ಇದ್ದಾರೆ, ಅವರು ಮನೆಯ ಗೋಡೆಗಳ ಹಿಂದೆ ಮರೆಯಾಗಿರುವುದೇ ಹೆಚ್ಚು.

ಇಂಥವರ ಸಂಖ್ಯೆ ತೀರ ಸಣ್ಣದೇನಲ್ಲ. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎಂಬ ಎರಡು ಕಾಲಂಗಳಿಗೂ ಸೇರದೆ ‘ಇತರ’ ಎಂಬಲ್ಲಿ ಎಣಿಕೆಯಾದವರು ದೇಶದಲ್ಲಿ 4,87,803 ಮಂದಿ, ಕರ್ನಾಟಕದಲ್ಲಿ 20,266 ಮಂದಿ. ಹೇಳಿಕೊಳ್ಳಲು ಧೈರ್ಯವಿಲ್ಲದವರು ಈ ಲೆಕ್ಕಕ್ಕೆ ಬಂದಿರಲಾರರು. ಇವರಿಗೆ ನಮ್ಮ ನಾಡಿನಲ್ಲಿ ಹೆಸರುಗಳೂ ಹಲವು: ಮಂಗಳಮುಖಿ, ಹಿಜ್ರಾ, ಎಲ್ಲಮ್ಮನ ಒಕ್ಕಲಾದ ಜೋಗಪ್ಪ, ಜೋಗತಿ. ಚಿನ್ನದ ಗಣಿಯ ತಮಿಳು ಮನೆಗಳಲ್ಲಿ ‘ತಿರುನಂಗೈ’ ಎನ್ನುತ್ತಾರೆ. ‘ತಿರು’ ಎಂದರೆ ನಮ್ಮ ‘ಶ್ರೀ’, ‘ನಂಗೈ’ ಎಂದರೆ ಹೆಂಗಸು. ಹೆಸರಿನಲ್ಲಿಯೇ ಗೌರವವಿದೆ. ಬೈಗುಳದ ಹೆಸರುಗಳೂ ಇವೆ; ಅವನ್ನು ನಾನು ಬರೆಯುವುದಿಲ್ಲ, ಓದುಗರು ಬಲ್ಲರು.

“ಇದೊಂದು ಮನೋರೋಗವಲ್ಲವೆ?” ಎಂದು ಕೇಳುವವರುಂಟು. ವೈದ್ಯರು ಬಹುಕಾಲ ಹಾಗೆಯೇ ಎಣಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ ಹನ್ನೊಂದನೆಯ ಪರಿಷ್ಕರಣಕ್ಕೆ 2019ರಲ್ಲಿ ಒಪ್ಪಿಗೆ ದೊರೆತು, 2022ರ ಜನವರಿಯಿಂದ ಅದು ಜಾರಿಗೆ ಬಂತು. ಅದರಲ್ಲಿ ಈ ವಿಷಯವನ್ನು ಮಾನಸಿಕ ವ್ಯಾಧಿಗಳ ಅಧ್ಯಾಯದಿಂದ ತೆಗೆದು ಬೇರೆ ಅಧ್ಯಾಯದಲ್ಲಿ ಇರಿಸಿದ್ದಾರೆ. ವೈದ್ಯರ ನೆರವು ಬೇಕಾದವರಿಗೆ ಅದು ಸಿಗಲಿ, ಆದರೆ ಹುಚ್ಚು ಎಂಬ ಹಣೆಪಟ್ಟಿ ಬೇಡ ಎಂಬುದು ಅದರ ತಾತ್ಪರ್ಯ.

“ಹಾಗಾದರೆ ಯಾರು ಏನು ಬೇಕಾದರೂ ಆರಿಸಿಕೊಳ್ಳಬಹುದೆ? ಜವಳಿ ಅಂಗಡಿಯಲ್ಲಿ ಸೀರೆ ಆರಿಸಿದಂತೆ?” ಎಂಬುದು ಮುಂದಿನ ಪ್ರಶ್ನೆ. ಇಲ್ಲಿ ‘ಆಯ್ಕೆ’ ಎಂಬ ಮಾತನ್ನು ತೂಗಿ ಆಡಬೇಕು. ನಮ್ಮ ಊರಿನವರಿಗೆ ಒಂದು ಹೋಲಿಕೆ ಕೊಡಬಹುದು. ನೂರಿಪ್ಪತ್ತು ವರ್ಷ ಇಲ್ಲಿ ಚಿನ್ನ ತೆಗೆದರು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದರು. ಕಲ್ಲಿನೊಳಗೆ ಚಿನ್ನವಿರಲಿ ಎಂದು ಯಾವ ಗಣಿಗಾರನೂ ಆರಿಸಲಿಲ್ಲ, ಇದ್ದುದನ್ನು ಕಂಡುಕೊಂಡ. ಅವನು ಆರಿಸಿಕೊಂಡದ್ದು ಅಗೆಯುವುದನ್ನು, ಅಪಾಯವನ್ನು ಒಪ್ಪಿ ಕೆಳಕ್ಕೆ ಇಳಿಯುವುದನ್ನು. ಲಿಂಗತ್ವದ ವಿಚಾರವೂ ಬಹುಮಟ್ಟಿಗೆ ಹೀಗೆಯೇ. ಒಳಗಿರುವುದನ್ನು ಯಾರೂ ಅಂಗಡಿಯಿಂದ ತರುವುದಿಲ್ಲ. ಅದನ್ನು ಮುಚ್ಚಿಡಬೇಕೆ, ಲೋಕದ ಮುಂದೆ ಹೇಳಿ ಹಾಗೆಯೇ ಬಾಳಬೇಕೆ ಎಂಬುದು ಆಯ್ಕೆ. ಮನೆ, ಓದು, ನೆಂಟಸ್ತಿಕೆ, ಅನ್ನ ಎಲ್ಲವನ್ನೂ ಕಳೆದುಕೊಳ್ಳುವ ಭಯವಿದ್ದೂ ಆ ಆಯ್ಕೆ ಮಾಡುವವರನ್ನು ಕಂಡಾಗ, ಇದು ಷೋಕಿಯ ಮಾತಲ್ಲವೆಂಬುದು ಯಾರಿಗಾದರೂ ಹೊಳೆಯಬೇಕು.

ಇನ್ನು ಸೌಂದರ್ಯದ ವಿಚಾರ. ಗಡ್ಡದ ನೆರಳಿರುವ ಮುಖಕ್ಕೆ ಕುಂಕುಮ, ಅಗಲ ಭುಜಕ್ಕೆ ಸೀರೆಯ ಸೆರಗು. ಇದು ನೋಡಲು ಚೆನ್ನವೆ ಎಂದು ಮೂಗು ಮುರಿಯುವವರು ಒಂದು ಸಂಗತಿಯನ್ನು ನೆನೆಯಬೇಕು. ಯಕ್ಷಗಾನದಲ್ಲಿ ತಲೆಮಾರುಗಳ ಕಾಲ ಸ್ತ್ರೀವೇಷ ಕಟ್ಟಿದವರು ಗಂಡಸರೇ. ಕಂಪನಿ ನಾಟಕಗಳಲ್ಲಿಯೂ ಅದು ಇತ್ತು. ಮರಾಠಿ ರಂಗಭೂಮಿಯ ಬಾಲಗಂಧರ್ವರು ಉಟ್ಟ ಸೀರೆಯ ಮಾದರಿಯನ್ನು ಗೃಹಿಣಿಯರು ಅನುಸರಿಸಿದರೆಂದು ಹೇಳುತ್ತಾರೆ. ದೀಪದ ಬೆಳಕಿನಲ್ಲಿ ನಾವು ಮೆಚ್ಚಿ ತಲೆದೂಗಿದ ಚೆಲುವು ಹಗಲಿನ ಬೀದಿಗೆ ಬಂದೊಡನೆ ಅಸಹ್ಯವಾಗುವುದಾದರೆ, ಬದಲಾದದ್ದು ಚೆಲುವೋ, ನಮ್ಮ ಕಣ್ಣೋ?

ಕಾಶ್ಮೀರದ ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿ ಔಚಿತ್ಯವೇ ಕಾವ್ಯದ ಜೀವವೆಂದು ಪ್ರತಿಪಾದಿಸಿದ. ಒಡ್ಯಾಣವನ್ನು ಕೊರಳಿಗೂ ಹಾರವನ್ನು ಸೊಂಟಕ್ಕೂ ತೊಟ್ಟರೆ ಯಾರು ತಾನೆ ನಗುವುದಿಲ್ಲ ಎಂಬುದು ಅವನ ವಾದದ ಸಾರ. ಇದನ್ನೇ ಹಿಡಿದು, “ಗಂಡಿಗೆ ಸೀರೆ ಅನುಚಿತವಲ್ಲವೆ?” ಎಂದು ನಮ್ಮಂಥ ಪಂಡಿತರು ಕೇಳಿಯಾರು. ಆದರೆ ಕ್ಷೇಮೇಂದ್ರನು ಅಲಂಕಾರವನ್ನು ಅಳೆಯುವುದು ಅದು ಒಳಗಿನ ರಸಕ್ಕೆ ಹೊಂದುತ್ತದೆಯೆ ಎಂಬ ಅಳತೆಯಿಂದ. ಒಳಗೆ ಹೆಣ್ಣೆಂಬ ತಿಳಿವು ನೆಲೆಸಿರುವವರಿಗೆ ಬಲವಂತದ ಮೀಸೆಯೇ ಕೊರಳಿಗೆ ಹಾಕಿದ ಒಡ್ಯಾಣ. ಅವರು ಸೀರೆಯುಟ್ಟು ಹೂ ಮುಡಿದಾಗ ಒಡವೆ ತನ್ನ ಜಾಗಕ್ಕೆ ಬಂದು ಸೇರುತ್ತದೆ. ನೋಡುವವರ ರೂಢಿಗೆ ಹೊಂದುವುದು ಸೌಂದರ್ಯದ ಒಂದು ಮೆಟ್ಟಿಲು ಮಾತ್ರ. ತನಗೆ ತಾನು ಹೊಂದುವುದು ಅದಕ್ಕಿಂತ ಮೇಲಿನದು.

ಆದರೆ ಅಧಿಕಾರದಲ್ಲಿದ್ದವರು ರೂಢಿಯನ್ನೇ ಕಾನೂನಾಗಿ ಮಾಡಿದ್ದೂ ಉಂಟು. ಬ್ರಿಟಿಷ್ ಸರ್ಕಾರದ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೆಯ ಭಾಗವು ಉತ್ತರ ಭಾರತದ ಪ್ರಾಂತಗಳಲ್ಲಿ ಇಂಥವರ ಹೆಸರನ್ನು ಪಟ್ಟಿಯಲ್ಲಿ ಬರೆಸಿ, ಅವರು ಹೆಣ್ಣುಡುಗೆಯುಟ್ಟು ಒಡವೆಯಿಟ್ಟು ಬೀದಿಯಲ್ಲಿ ಕಾಣಿಸಿಕೊಂಡರೆ, ಹಾಡಿ ಕುಣಿದರೆ ಶಿಕ್ಷೆ ಎಂದಿತು. ಕಳವು ಮಾಡಿದ್ದಕ್ಕಲ್ಲ, ಬಳೆ ತೊಟ್ಟಿದ್ದಕ್ಕೆ ಸೆರೆಮನೆ! ಅದೇ ವಾಸನೆಯ ಒಂದು ಕಲಮು, 36-ಎ ಎಂಬುದು, 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೂ ಸೇರಿತ್ತು. ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದ ಮೇಲೆ ಆ ಸಮುದಾಯವನ್ನು ಹೆಸರಿಸುತ್ತಿದ್ದ ಪದವನ್ನು ತೆಗೆದುಹಾಕಿದರು. ಒಂದು ಪದ ಎಷ್ಟು ಕೇಡು ಮಾಡಬಲ್ಲದೆಂಬುದಕ್ಕೆ ವ್ಯಾಕರಣ ಹೇಳುವವನಿಗೆ ಇದಕ್ಕಿಂತ ನಿದರ್ಶನ ಬೇಡ.

ಈಗ ನೀತಿಯ ವಿಚಾರಕ್ಕೆ ಬರೋಣ. ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಅದೇ ವಿದ್ಯಾರ್ಥಿ ವಿರಾಟಪರ್ವದ ಬೃಹನ್ನಳೆಯ ಪಾತ್ರ ಮಾಡಿದ್ದ. ಸಭೆ ಚಪ್ಪಾಳೆ ತಟ್ಟಿತು. ಮಾರನೆಯ ದಿನ ಅದೇ ಹುಡುಗರು ಅದೇ ನಡಿಗೆಯನ್ನು ಅಣಕಿಸಿದರು; “ಗಂಡಸಿನ ಹಾಗೆ ನಡೆಯೋದು ಕಲಿ” ಎಂದು ನಾನೂ ಗದರಿಸಿದೆ. ವಿರಾಟಪರ್ವದ ಕಥೆಯನ್ನು ಗಮಕಿಗಳಿಂದ ರೇಡಿಯೋದಲ್ಲಿ ಎಷ್ಟು ಸಾರಿ ಕೇಳಿದ್ದೆನೋ! ಅದರ ನೀತಿ ಮಾತ್ರ ಕಿವಿಯಿಂದ ಒಳಗಿಳಿದಿರಲಿಲ್ಲ.

ಕಥೆ ಎಲ್ಲರಿಗೂ ಗೊತ್ತು. ಉತ್ತರಕುಮಾರ ಕೌರವರನ್ನು ಗೆದ್ದನೆಂದು ವಿರಾಟರಾಜ ಹಿಗ್ಗುತ್ತಿರುವಾಗ, ಕಂಕನ ವೇಷದ ಧರ್ಮರಾಯನು ಸಾರಥಿಯಾಗಿ ಬೃಹನ್ನಳೆ ಇರುವಾಗ ಗೆಲುವು ನಿಶ್ಚಯವೆನ್ನುತ್ತಾನೆ. ರಾಜನಿಗೆ ಕೋಪ ಉಕ್ಕುತ್ತದೆ. ನಪುಂಸಕನೊಬ್ಬನ ಹೆಸರನ್ನು ತನ್ನ ಮಗನ ಹೆಸರಿಗಿಂತ ಮೇಲೆ ಎತ್ತುವುದೆ? ಕೈಯಲ್ಲಿದ್ದ ದಾಳವನ್ನು ಕಂಕನ ಮುಖಕ್ಕೆ ಎಸೆಯುತ್ತಾನೆ, ನೆತ್ತರು ಹರಿಯುತ್ತದೆ. ಅರ್ಜುನನ ಆ ರೂಪ ಊರ್ವಶಿಯ ಶಾಪದಿಂದ ಬಂದದ್ದು, ಒಂದು ವರ್ಷದ್ದು. ನಮ್ಮ ನಡುವಿನವರದು ಅಂಥದಲ್ಲ, ನಿಜ. ಆದರೆ ವಿರಾಟನ ತಪ್ಪು ನಮ್ಮ ತಪ್ಪೇ. ಆತ ದುಷ್ಟನಲ್ಲ, ಆಶ್ರಯ ಕೊಟ್ಟವನು, ಮಗಳಿಗೆ ನಾಟ್ಯ ಕಲಿಸಲು ಬೃಹನ್ನಳೆಯನ್ನು ನಿಯಮಿಸಿದವನು. ಅವರಿಂದ ಕಲೆ ಬೇಕು. ಅವರಿಗೆ ಗೌರವ ಮಾತ್ರ ಸಲ್ಲದು. ಈ ತಿರಸ್ಕಾರದಿಂದಾಗಿ ಎದುರಿಗಿರುವ ಸತ್ಯ ಅವನಿಗೆ ಕಾಣದೆ ಹೋಯಿತು. ಮದುವೆ ಮನೆಗೆ, ಹೊಸ ಅಂಗಡಿಗೆ ಮಂಗಳಮುಖಿಯರ ಹರಕೆ ಬೇಕೆನ್ನುವ ನಾವು ಅವರಿಗೆ ಬಾಡಿಗೆ ಮನೆ ಕೊಡಲು ಹಿಂಜರಿಯುತ್ತೇವಲ್ಲ, ಇದು ವಿರಾಟನ ಆಸ್ಥಾನವೇ ಅಲ್ಲವೆ?

“ರೈಲಿನಲ್ಲಿ ಕಾಸಿಗಾಗಿ ಪೀಡಿಸುತ್ತಾರಲ್ಲ?” ಎನ್ನುವ ದೂರನ್ನು ನಾನು ತಳ್ಳಿಹಾಕುವುದಿಲ್ಲ. ಬಲವಂತ ಯಾರು ಮಾಡಿದರೂ ಬಲವಂತವೇ. ಆದರೆ ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಮನೆ ಹೊರಕ್ಕೆ ನೂಕಿ, ಶಾಲೆ ನಕ್ಕು ಓಡಿಸಿ, ಕೆಲಸ ಕೇಳಿದರೆ ಬಾಗಿಲು ಹಾಕಿದ ಮೇಲೆ, ಚಾಚಿದ ಕೈಯನ್ನು ಮಾತ್ರ ನೋಡಿ ನೀತಿ ಹೇಳುವುದು ಅರ್ಧ ಲೆಕ್ಕ. ಉಳಿದರ್ಧದಲ್ಲಿ ನಮ್ಮ ಹೆಸರಿದೆ.

ಆ ಬಾಗಿಲುಗಳು ಸ್ವಲ್ಪ ಸ್ವಲ್ಪವಾಗಿ ತೆರೆದದ್ದೂ ಉಂಟು. ತಮಿಳುನಾಡು ಇವರಿಗಾಗಿ 2008ರಲ್ಲಿ ಒಂದು ಕಲ್ಯಾಣ ಮಂಡಲಿಯನ್ನು ಸ್ಥಾಪಿಸಿತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ. ಎಸ್. ರಾಧಾಕೃಷ್ಣನ್ ಮತ್ತು ಎ. ಕೆ. ಸಿಕ್ರಿ ಅವರು, ತಮ್ಮ ಲಿಂಗತ್ವವನ್ನು ತಾವೇ ಹೇಳಿಕೊಳ್ಳುವುದು ಘನತೆಯ ಬಾಳಿನ ಅಂಗವೆಂದೂ, ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಹಾಕಕೂಡದೆಂದೂ ತೀರ್ಪಿತ್ತರು. 2019ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿತು. 2021ರಲ್ಲಿ ಕರ್ನಾಟಕ ಸರ್ಕಾರವು ಸರ್ಕಾರಿ ನೇಮಕಗಳಲ್ಲಿ ಶೇಕಡಾ 1ರಷ್ಟು ಮೀಸಲಾತಿ ಕೊಟ್ಟಿತು. ಕಾನೂನಿನ ಅಕ್ಷರ ಕಾಲಕಾಲಕ್ಕೆ ತಿದ್ದುಪಡಿಯಾಗುತ್ತದೆ, ಚರ್ಚೆಯಾಗುತ್ತದೆ. ಆದರೆ 2014ರ ತೀರ್ಪಿನ ತಿರುಳು ವ್ಯಾಕರಣ ಬಲ್ಲವರಿಗೆ ಹೊಸದಲ್ಲ: ‘ನಾನು’ ವಾಚ್ಯಲಿಂಗ; ಆಡುವವರ ಮಾತೇ ಪ್ರಮಾಣ.

ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರ ಬಾಳು ಇದಕ್ಕೊಂದು ಸಾಕ್ಷಿ. ಗಂಡುಮಗುವಾಗಿ ಹುಟ್ಟಿ, ಎಳೆತನದಲ್ಲಿಯೇ ತಾನು ಹೆಣ್ಣೆಂದು ಅರಿತು, ಜೋಗತಿಯಾಗಿ ಮನೆ ಬಿಟ್ಟು, ಹಸಿವು ಅವಮಾನಗಳನ್ನು ಉಂಡರು. ಕಾಳವ್ವ ಜೋಗತಿಯವರಿಂದ ಜೋಗತಿ ನೃತ್ಯವನ್ನೂ ಎಲ್ಲಮ್ಮನ ಕಥೆಯ ಆಟವನ್ನೂ ಕಲಿತು ನಾಡಿನ ತುಂಬ ಆಡಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸುವ ಮುನ್ನ ಅವರು ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದುದನ್ನು ಟೆಲಿವಿಷನ್ನಿನಲ್ಲಿ ದೇಶವೇ ನೋಡಿತು. ಅಲ್ಲಿ ಚೆಲುವೂ ನೀತಿಯೂ ಬೇರೆಬೇರೆಯಾಗಿರಲಿಲ್ಲ. ಆದರೆ ಪದ್ಮಶ್ರೀ ಬಂದ ಮೇಲೆ ಗೌರವಿಸುವುದು ಸುಲಭ. ಏನೂ ಬಾರದ ಸಾಮಾನ್ಯ ಮನುಷ್ಯರಿಗೆ ಸಲ್ಲುವ ಗೌರವವೇ ನಮ್ಮ ಪರೀಕ್ಷೆ.

ಹೆತ್ತವರ ಸಂಕಟವನ್ನು ನಾನು ಬಲ್ಲೆ. “ಜನ ಏನಂದಾರು” ಎಂಬ ಭಯ ಸಣ್ಣದಲ್ಲ. ಮಗು ಬಂದು ಇಂಥ ಮಾತು ಹೇಳಿದರೆ ಆ ಕೂಡಲೇ ಎಲ್ಲವನ್ನೂ ಒಪ್ಪಲೂ ಬೇಕಿಲ್ಲ, ಎಲ್ಲವನ್ನೂ ಅಳಿಸಲೂ ಬೇಕಿಲ್ಲ. ಹೊಡೆಯದೆ, ಹಂಗಿಸದೆ, ಮನೆಯ ಬಾಗಿಲು ಮುಚ್ಚದೆ, ಶಾಲೆ ಬಿಡಿಸದೆ, ಕೇಳಿಸಿಕೊಳ್ಳಬೇಕು. ತಿಳಿದ ವೈದ್ಯರ ಸಲಹೆ ಪಡೆಯಬೇಕು. ಕಾಲ ತೆಗೆದುಕೊಳ್ಳಬೇಕು.

ಕಳೆದ ವರ್ಷ ಒಂದು ಸಂಜೆ ಬಂಗಾರಪೇಟೆಯ ನಿಲ್ದಾಣದಲ್ಲಿ ಮಾರಿಕುಪ್ಪಂ ಕಡೆಯ ಗಾಡಿಗೆ ಕಾದಿದ್ದೆ. ಗಣಿ ಮುಚ್ಚಿದಂದಿನಿಂದ ಆ ಕಡೆಯ ಎಷ್ಟೋ ಮಂದಿ ದಿನವೂ ಬೆಂಗಳೂರಿಗೆ ಹೋಗಿ ದುಡಿದು ಬರುವವರು. ಬೆಂಗಳೂರಿನಿಂದ ಬಂದಿಳಿದ ಹೆಂಗಸೊಬ್ಬರು, ಹತ್ತಿಯ ಸೀರೆ, ಕೈಯಲ್ಲಿ ಊಟದ ಡಬ್ಬಿಯ ಚೀಲ, ನನ್ನನ್ನು ನೋಡಿ ನಿಂತು “ನಮಸ್ಕಾರ ಸಾರ್” ಎಂದರು. ಕಂಠದಿಂದ ಗುರುತು ಸಿಕ್ಕಿತು. ‘ಏನಪ್ಪಾ’ ಎಂಬ ಹಳೆಯ ಮಾತು ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, “ಏನಮ್ಮಾ, ಚೆನ್ನಾಗಿದ್ದೀಯಾ?” ಎಂದೆ.

“ಚೆನ್ನಾಗಿದ್ದೀನಿ ಸಾರ್” ಎಂದಳು. ಬೆಂಗಳೂರಿನಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ. “ಎಸ್.ಎಸ್.ಎಲ್.ಸಿ. ಮುಗಿಸಲಿಲ್ಲ ಅನ್ನೋದೊಂದೇ ಬೇಜಾರು ಸಾರ್. ಈ ವಯಸ್ಸಿನಲ್ಲಿ ಕಟ್ಟಬಹುದಾ?” ಕಟ್ಟಬಹುದು ಎಂದೆ. ತರಗತಿಯಲ್ಲಿ ಅಂದು ನಾನು ಆಡಿದ ಮಾತಿಗೆ ಕ್ಷಮೆ ಕೇಳಬೇಕೆಂದುಕೊಂಡೆ. ಜನಸಂದಣಿಯಲ್ಲಿ ಬಾಯಿ ಬರಲಿಲ್ಲ. ಭಾನುವಾರ ಮನೆಗೆ ಬಾ ಎಂದೆ. ಬಂದಾಗ ಕೇಳಿದೆ. ಆಕೆ ಏನೂ ಹೇಳದೆ ಪುಸ್ತಕ ತೆರೆದಳು.

ಈಗ ಭಾನುವಾರಗಳಲ್ಲಿ ಕನ್ನಡ ಪಾಠ ನಡೆಯುತ್ತಿದೆ. ಮೊನ್ನೆ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಬಿಡಿಸಲು ಕೊಟ್ಟಿದ್ದೆ. ‘ನಾನು’ ಎಂಬ ಪದದ ಲಿಂಗ ಯಾವುದು ಎಂದು ಅದರಲ್ಲಿಯೂ ಕೇಳಿತ್ತು. ಒಂದು ಅಂಕದ ಪ್ರಶ್ನೆ. ಆಕೆ ‘ವಾಚ್ಯಲಿಂಗ’ ಎಂದು ದುಂಡಗೆ ಬರೆದು, ತಲೆಯೆತ್ತದೆ ಮುಂದಿನ ಪ್ರಶ್ನೆಗೆ ಹೋದಳು.